ಹೆಂಡತಿಗೆ ಚುಚ್ಚುವ ಪೆನ್ನು

ನಮ್ಮ ಚಿಕ್ಕಪ್ಪ ಹೆಂಡತಿಗೆ ಚುಚ್ಚಲೆಂದು ಸದಾ ಜೇಬಿನಲ್ಲಿ ಒಂದು ಸೂಜಿ ಇಟ್ಟುಕೊಂಡೇ ಓಡಾಡುತ್ತಾರೆ ಎಂದರೆ ನಿಮಗೆ ಗಾಬರಿಯಾಗುತ್ತದೆ. ಆಗಲಿ! ನಮಗೆಲ್ಲ ಆಗಿ ಮುಗಿದಿದೆ. ಅದೂ ಸಣ್ಣಪುಟ್ಟ ಸೂಜಿಯಲ್ಲ, ಸೀರೆ ಲಂಗ ಎರಡನ್ನೂ ತೂರಿಕೊಂಡು ತೊಡೆಗೆ ಇಳಿಯುವಂಥದ್ದು. ಊಟಕ್ಕೆ ಕೂತಾಗಲೂ ಅದು ಜೇಬಿನಲ್ಲಿರುತ್ತದೆ, ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವಾಗಲೂ ಇರುತ್ತದೆ. ಚಿಕ್ಕಮ್ಮ ಒಗ್ಗರಣೆ ಘಾಟಿಗೆ ಒಂದು ಸಲ ಕೆಮ್ಮಿದರೆ ಸಾಕು, ಚಿಕ್ಕಪ್ಪನ ಬಲಗೈ ತಾನಾಗಿ ಜೇಬಿಗೆ ಹೋಗುತ್ತದೆ. ಇಂಥ ಗಂಡನ ಜೊತೆ ಸಂಸಾರ ಮಾಡುತ್ತಿರುವ ಹೆಂಗಸಿಗೆ ಯಾವ ಬಿರುದು ಕೊಡಬೇಕು, ನೀವೇ ಹೇಳಿ!

ಪೊಲೀಸರಿಗೆ ಫೋನ್ ಮಾಡುವ ಮೊದಲು ದಯವಿಟ್ಟು ಪೂರ್ತಿ ಕೇಳಿ.

ಚಿಕ್ಕಪ್ಪನದು ಬಾಳೂರಿನ ಹತ್ತಿರ ಸಣ್ಣದೊಂದು ಕಾಫಿ ತೋಟ. ತೋಟ ಸಣ್ಣದಾದರೂ ಗಂಟಲು ದೊಡ್ಡದು. ಪಿಸುಮಾತು ಎನ್ನುವ ವಿದ್ಯೆ ಆ ಮನುಷ್ಯನಿಗೆ ಹುಟ್ಟಿನಿಂದಲೇ ಬಂದಿಲ್ಲ. ಅವರು ಫೋನ್ ಮಾಡಿದರೆ ಮೂಡಿಗೆರೆಯಲ್ಲಿರುವ ನಾನು ಫೋನನ್ನು ಅಡುಗೆಮನೆ ಕಟ್ಟೆಯ ಮೇಲಿಟ್ಟು, ನಡುಮನೆಯಲ್ಲಿ ಕೂತು ಬೀನ್ಸ್ ಬಿಡಿಸುತ್ತಾ ಮಾತಾಡುತ್ತೇನೆ. ಹೆಂಡತಿಯನ್ನು ಅವರು ಹೆಸರು ಹಿಡಿದು ಕರೆದದ್ದು ಯಾರೂ ಕೇಳಿಲ್ಲ. ಎಲ್ಲಕ್ಕೂ 'ಏಯ್'. ಮೊಟಕು 'ಏಯ್' ಎಂದರೆ ಕಾಫಿ ಕೊಡು. ಎಳೆದ 'ಏ...ಯ್' ಎಂದರೆ ಸ್ನಾನಕ್ಕೆ ನೀರು ಕಾದಿದೆಯಾ. ಎರಡು ಸಲ ಒಟ್ಟಿಗೆ ಬಂದರೆ ಕನ್ನಡಕ ಕಳೆದಿದೆ ಎಂದರ್ಥ. ಅವರು ಚಿಕ್ಕಮ್ಮನ ಪಕ್ಕದಲ್ಲಿ ಕೂತದ್ದನ್ನು ನಾನಂತೂ ಕಂಡಿಲ್ಲ. ಮದುವೆ ಫೋಟೋದಲ್ಲೂ ಇಬ್ಬರ ನಡುವೆ ಒಂದು ಮಗು ನಿಂತಿದೆ. ಯಾರ ಮಗುವೋ ಇವತ್ತಿಗೂ ಗೊತ್ತಿಲ್ಲ!

ಪೆನ್ನಿನ ಕಥೆ ಶುರುವಾದದ್ದು ಒಂದು ಕಣಜದ ಹುಳದಿಂದ. ಚಿಕ್ಕಮ್ಮ ಮನೆಯ ಹಿಂದಿನ ಕಾಫಿ ಗಿಡಗಳಲ್ಲಿ ಬೇಡದ ಚಿಗುರು ಮುರಿಯುತ್ತಿದ್ದಾಗ, ಎಲೆಯಡಿ ಗೂಡು ಕಟ್ಟಿದ್ದ ಕಣಜ ಅವರ ಕುತ್ತಿಗೆಗೆ ಕಚ್ಚಿತು. ಕಾಫಿ ತೋಟದಲ್ಲಿ ಕಣಜ ಕಚ್ಚುವುದು ಒಂದು ಸುದ್ದಿಯೇ? ಸುಣ್ಣ ಹಚ್ಚಿಕೊಂಡು, ಕಣಜದ ಏಳು ತಲೆಮಾರನ್ನು ಬೈದು, ಮತ್ತೆ ಕೆಲಸಕ್ಕೆ ನಿಲ್ಲುವ ಜನ ನಾವು. ಚಿಕ್ಕಮ್ಮನೂ ಹಾಗೇ ಅಂದುಕೊಂಡರು. ಆದರೆ ಸುಣ್ಣದ ಡಬ್ಬಿ ಹುಡುಕುವಷ್ಟರಲ್ಲಿ ಮೈಯೆಲ್ಲ ದದ್ದು ಎದ್ದಿತು, ತುಟಿ ಊದಿತು, ಗಂಟಲು ಕಟ್ಟಿಕೊಂಡು ಉಸಿರು ಸುಂಯ್ ಸುಂಯ್ ಎನ್ನತೊಡಗಿತು. ಅಡುಗೆಮನೆ ಹೊಸಿಲಲ್ಲೇ ಕುಸಿದರು. ಚಿಕ್ಕಪ್ಪ ಎತ್ತಿ ಜೀಪಿಗೆ ಹಾಕಿಕೊಂಡು ಮೂಡಿಗೆರೆ ಆಸ್ಪತ್ರೆಗೆ ತಲುಪಿದಾಗ ನಾಡಿ ಸಿಗುತ್ತಿರಲಿಲ್ಲವಂತೆ. ಡಾಕ್ಟರಮ್ಮ ಸೀದಾ ತೊಡೆಗೆ ಒಂದು ಇಂಜೆಕ್ಷನ್ ಕೊಟ್ಟರು. ಜೀವ ವಾಪಸು ಬಂತು.

ಆಮೇಲೆ ಆ ಡಾಕ್ಟರಮ್ಮ ಚಿಕ್ಕಪ್ಪನನ್ನು ಹೊರಗೆ ಕರೆದು ಹೇಳಿದರು: "ನೋಡಿ, ಈ ಸಲ ಉಳ್ಕೊಂಡಿದ್ದಾರೆ. ಇನ್ನೊಂದು ಸಲ ಕಚ್ಚಿದ್ರೆ ನಿಮ್ಮ ತೋಟದಿಂದ ಇಲ್ಲಿಗೆ ಬರೋಷ್ಟು ಪುರುಸೊತ್ತು ಅದು ಕೊಡುತ್ತೆ ಅಂತ ನಾನು ಹೇಳಕ್ಕಾಗಲ್ಲ. ಔಷಧಿ ನಿಮ್ಮ ಕೈಯಲ್ಲೇ ಇರ್ಬೇಕು."

ಆ ಮಾತು ಚಿಕ್ಕಪ್ಪನ ತಲೆಯೊಳಗೆ ಹೊಕ್ಕಿತು ನೋಡಿ, ಇವತ್ತಿನವರೆಗೆ ಹೊರಗೆ ಬಂದಿಲ್ಲ!

ಮಂಗಳೂರಿನ ದೊಡ್ಡ ಡಾಕ್ಟರರೊಬ್ಬರು ಬರೆದುಕೊಟ್ಟು, ಹೊರದೇಶದಿಂದ ಎರಡು ಪೆನ್ನು ತರಿಸಿಕೊಟ್ಟರು. ನೋಡಲಿಕ್ಕೆ ಮಕ್ಕಳ ದಪ್ಪ ಸ್ಕೆಚ್ ಪೆನ್ನಿನ ಹಾಗೆ. ಒಂದು ತುದಿಗೆ ನೀಲಿ ಮುಚ್ಚಳ, ಇನ್ನೊಂದು ತುದಿ ಕಿತ್ತಳೆ ಬಣ್ಣ. ನೀಲಿಯನ್ನು ಕಿತ್ತು, ಕಿತ್ತಳೆ ತುದಿಯನ್ನು ತೊಡೆಯ ಹೊರಬದಿಗೆ ಗಟ್ಟಿಯಾಗಿ ಒತ್ತಿದರೆ 'ಕ್ಲಿಕ್' ಎಂದು ಸೂಜಿ ತಾನೇ ಹೊರಬಂದು ಔಷಧಿ ಇಳಿಸುತ್ತದೆ. ನಡುವೆ ಒಂದು ಪುಟ್ಟ ಕಿಟಕಿ, ಅದರಲ್ಲಿ ಔಷಧಿ ತಿಳಿಯಾಗಿದೆಯೇ ಎಂದು ಆಗಾಗ ನೋಡಿಕೊಳ್ಳಬೇಕು. "ಒಂದು ಕೈಕೊಟ್ರೆ ಇನ್ನೊಂದು ಇರ್ಲಿ, ಯಾವಾಗ್ಲೂ ಎರಡು ಇಟ್ಕೊಳ್ಳಿ" ಎಂದಿದ್ದರು ದೊಡ್ಡ ಡಾಕ್ಟರು.

"ಇದರ ಬದಲು ಅಲರ್ಜಿ ಮಾತ್ರೆ ನುಂಗಿದ್ರೆ ಆಗಲ್ವಾ?" ಎಂದು ಚಿಕ್ಕಮ್ಮ ಕೇಳಿದ್ದರು.

"ಮಾತ್ರೆ ತುರಿಕೆ ನಿಲ್ಲಿಸುತ್ತಮ್ಮ, ಕಟ್ಟಿದ ಗಂಟಲು ಬಿಡಿಸಲ್ಲ."

ಅಷ್ಟೇ. ಮನೆಗೆ ಬರುವ ದಾರಿಯಲ್ಲೇ ಚಿಕ್ಕಪ್ಪ ಕೊಟ್ಟಿಗೆಹಾರದ ದರ್ಜಿಯ ಮುಂದೆ ಜೀಪು ನಿಲ್ಲಿಸಿದರು. ಇದ್ದ ಅಂಗಿಗಳಿಗೆಲ್ಲ ಉದ್ದನೆಯ ಒಳಜೇಬು. ಅಂಗಿಗಾದರೆ ಸರಿ, ಬನಿಯನ್ನಿಗೂ ಜೇಬು! ದರ್ಜಿ ಕಕ್ಕಾಬಿಕ್ಕಿಯಾಗಿ, "ಗೌಡ್ರೆ, ಬನಿಯನ್ನಿಗೆ ಜೇಬು ಇಟ್ಟವರು ಈ ಘಟ್ಟದ ಮೇಲೆ ಯಾರೂ ಇಲ್ಲ" ಎಂದರಂತೆ. "ಹಂಗಾದ್ರೆ ನಾನೇ ಮೊದಲ್ನೇನು, ಹೊಲಿ" ಎಂದರು ಚಿಕ್ಕಪ್ಪ.

ಆ ಜೇಬಿನಿಂದಾದ ಮೊದಲ ಆಘಾತ ಒಂದು ಮದುವೆ ಮನೆಯಲ್ಲಿ. ಉಡುಗೊರೆ ಕವರಿನ ಮೇಲೆ ಹೆಸರು ಬರೆಯಲು ಹೆಣ್ಣಿನ ಕಡೆಯ ಅಜ್ಜಿಯೊಬ್ಬರಿಗೆ ಪೆನ್ನು ಬೇಕಿತ್ತು. ರೇಷ್ಮೆ ಜುಬ್ಬಾದ ಜೇಬಿನಿಂದ ಇಣುಕುತ್ತಿದ್ದುದನ್ನು ನೋಡಿ, "ಸ್ವಲ್ಪ ನಿಮ್ಮ ಪೆನ್ನು ಕೊಡ್ತೀರಾ?" ಎಂದು ಕೈಚಾಚಿದರು. ಚಿಕ್ಕಪ್ಪ ಜೇಬು ಮುಚ್ಚಿಕೊಂಡು ತಮ್ಮ ಮಾಮೂಲು ಗಂಟಲಲ್ಲಿ, "ಇದು ಬರಿಯೋ ಪೆನ್ನಲ್ಲ ಅಮ್ಮ, ಹೆಂಡ್ತಿಗೆ ಚುಚ್ಚಕ್ಕೆ ಇಟ್ಕೊಂಡಿರೋದು!" ಎಂದರು. ವಾಲಗದವರು ನಿಲ್ಲಿಸಿಬಿಟ್ಟರು. ಅಜ್ಜಿ ಚೀಲ ಎತ್ತಿಕೊಂಡು ನಾಲ್ಕು ಕುರ್ಚಿ ಆಚೆ ಹೋಗಿ ಕೂತರು. ಊಟದ ಪಂಕ್ತಿಯಲ್ಲಿ ಬಡಿಸುವವರು ಚಿಕ್ಕಮ್ಮನಿಗೆ ಮಾತ್ರ ಎರಡೆರಡು ಹೋಳಿಗೆ ಹಾಕಿ, "ಧೈರ್ಯವಾಗಿರಿ ಅಮ್ಮ" ಎಂದು ಮೆಲ್ಲಗೆ ಹೇಳಿ ಮುಂದೆ ಹೋಗುತ್ತಿದ್ದರು!

ತವರುಮನೆಯ ಕಥೆ ಇನ್ನೂ ಚೆನ್ನ. ಚಿಕ್ಕಮ್ಮನ ತವರು ಗೋಣಿಬೀಡು. ಚಿಕ್ಕಪ್ಪ ಮಾವನ ಮನೆಯಲ್ಲಿ ಒಂದು ರಾತ್ರಿಯೂ ತಂಗಿದವರಲ್ಲ. ಅಲ್ಲಿಯ ಸಾರು ನೀರು, ಅಲ್ಲಿಯ ಮಂಚ ಗಿಡ್ಡ, ಅಲ್ಲಿಯ ನಾಯಿಗೆ ಬುದ್ಧಿಯಿಲ್ಲ. ಪೆನ್ನು ಬಂದ ಮೇಲೆ ಚಿಕ್ಕಮ್ಮ ತವರಿಗೆ ಹೊರಟರೆ ಹಿಂದೆಯೇ ಜೀಪು. ಅದೇ ಗಿಡ್ಡ ಮಂಚದಲ್ಲಿ ಕಾಲು ಹೊರಗೆ ಚಾಚಿಕೊಂಡು, ಅದೇ ನೀರು ಸಾರು ಉಂಡುಕೊಂಡು, ಚಿಕ್ಕಮ್ಮ ಎಷ್ಟು ದಿನ ಇದ್ದರೆ ಅಷ್ಟು ದಿನ ಇರುತ್ತಾರೆ. ಗೋಣಿಬೀಡಿನವರು ಅಳಿಯನಿಗೆ ಇದೇನಾಯಿತೆಂದು ದಂಗಾಗಿ ಹೋದರು. ಚಿಕ್ಕಮ್ಮ ನನ್ನ ಹತ್ತಿರ ಗೋಳಾಡಿದರು: "ಕಣಜ ಕಚ್ಚೋ ಮೊದ್ಲು ವರ್ಷಕ್ಕೆ ಒಂದ್ವಾರನಾದ್ರೂ ಈ ಗಂಟ್ಲಿನಿಂದ ರಜೆ ಸಿಕ್ತಿತ್ತು ಮಾರಾಯ್ತಿ. ಈಗ ಅದೂ ಹೋಯ್ತು!"

ಇನ್ನು ಪೆನ್ನಿನ ವಸತಿ ವ್ಯವಸ್ಥೆ. ಒಂದು ಪೆನ್ನು ಜೇಬಿನಲ್ಲಿ, ಸರಿ. ಎರಡನೆಯದನ್ನು ಎಲ್ಲಿಡುವುದು? ಔಷಧಿಯಲ್ಲವೇ, ತಣ್ಣಗಿರಲಿ ಎಂದು ಚಿಕ್ಕಮ್ಮ ಒಳ್ಳೆಯ ಮನಸ್ಸಿನಿಂದ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಟ್ಟರು. ಚಿಕ್ಕಪ್ಪ ಮಜ್ಜಿಗೆ ಬೇಕೆಂದು ಬಾಗಿಲು ತೆಗೆದವರು ಕೂಗಿದ ಕೂಗಿಗೆ ಕಣದಲ್ಲಿದ್ದ ಕೋಳಿಗಳೆಲ್ಲ ಹಾರಿ ಮಾಡಿನ ಮೇಲೆ ಕೂತವು. "ಫ್ರಿಜ್ಜಲ್ಲಿ ಇಡಬಾರ್ದು ಅಂತ ಡಾಕ್ಟ್ರು ಬಡ್ಕೊಂಡಿದ್ದಾರೆ! ಬಿಸಿಲಲ್ಲೂ ಇಡಬಾರ್ದು! ಜೀಪೊಳಗೂ ಬಿಡಬಾರ್ದು!" ಮರುದಿನ ಅವರು ಗೋಡೆಗೆ ನೇತುಹಾಕುವ ಉಷ್ಣಮಾಪಕ ತಂದು, ಕೋಣೆಯಿಂದ ಕೋಣೆಗೆ ಹೊತ್ತು ತಿರುಗಿದರು. ಅಡುಗೆಮನೆ ಬಿಸಿ, ಜಗಲಿಗೆ ಬಿಸಿಲು, ಮಲಗುವ ಕೋಣೆಯಲ್ಲಿ ಬೂಷ್ಟು. ಕೊನೆಗೆ ಹೆಚ್ಚು ಬಿಸಿಯೂ ಅಲ್ಲದ ಹೆಚ್ಚು ಥಂಡಿಯೂ ಅಲ್ಲದ ಜಾಗ ದೇವರಕೋಣೆಯೇ ಎಂದು ತೀರ್ಮಾನವಾಗಿ, ಪೆನ್ನು ಗಣಪತಿಯ ಬಲಗಡೆ ಹೋಗಿ ಕೂತಿತು.

ದೇವರ ಸಾಲಿನಲ್ಲಿ ಕೂತದ್ದಕ್ಕೆ ಹೂವಿಡದೆ ಇರಲಾದೀತೇ? ಮೊದಲು ಗಣಪತಿಗೆ ಇಟ್ಟ ದಾಸವಾಳ ಜಾರಿ ಪೆನ್ನಿನ ಮೇಲೆ ಬಿತ್ತು. ಆಮೇಲೆ ಚಿಕ್ಕಮ್ಮನೇ ಅದಕ್ಕೂ ಒಂದು ಹೂವು ಇಡತೊಡಗಿದರು. ಕೇಳಿದರೆ, "ಎಲ್ಲರಿಗೂ ಇಟ್ಟು ಅದೊಂದಕ್ಕೆ ಬಿಟ್ರೆ ಚೆನ್ನಾಗಿರಲ್ಲ" ಎಂದರು. ನಾನು ಒಂದು ದಿನ ಊದುಬತ್ತಿಯ ಹೊಗೆಯಲ್ಲಿ ಹೊರದೇಶದ ಆ ಪೆನ್ನು ದಾಸವಾಳ ಮುಡಿದು ಕೂತದ್ದನ್ನು ಕಂಡು ನಗಬೇಕೋ ಕೈಮುಗಿಯಬೇಕೋ ತಿಳಿಯದೆ ನಿಂತುಬಿಟ್ಟೆ. ಕೊನೆಗೆ ಎರಡನ್ನೂ ಮಾಡಿದೆ.

ಆದರೆ ನಿಜವಾದ ಹಿಂಸೆ ಬೆಳಗಿನ ಹಾಜರಿಯಲ್ಲಿ. ತೋಟದ ಆಳುಗಳು ಬೆಳಗ್ಗೆ ಕಣದಲ್ಲಿ ಸಾಲಾಗಿ ನಿಂತು ಹಾಜರಿ ಹೇಳಿ ಕೆಲಸಕ್ಕೆ ಹೋಗುವುದು ಎಲ್ಲ ಕಡೆಯ ಪದ್ಧತಿ. ನಮ್ಮ ಚಿಕ್ಕಪ್ಪನ ತೋಟದಲ್ಲಿ ಮಾತ್ರ ಹಾಜರಿಯ ನಂತರ ಒಬ್ಬೊಬ್ಬರಾಗಿ ಬಂದು ಹಲಸಿನಕಾಯಿಗೆ ಚುಚ್ಚಬೇಕು! ಡಾಕ್ಟರು ಕಲಿಯಲಿಕ್ಕೆಂದು ಸೂಜಿಯಿಲ್ಲದ ಒಂದು ಉತ್ತುತ್ತು ಪೆನ್ನು ಕೊಟ್ಟಿದ್ದರು. ಚಿಕ್ಕಮ್ಮನ ತೊಡೆಯಷ್ಟೇ ಗಾತ್ರದ್ದು ಬೇಕೆಂದು ಚಿಕ್ಕಪ್ಪ ಒಂದು ಉದ್ದನೆಯ ಹಲಸಿನಕಾಯಿ ಆರಿಸಿ, ಅದಕ್ಕೆ ಚಿಕ್ಕಮ್ಮನ ಹಳೇ ಸೀರೆ ಸುತ್ತಿ, ಬೆಂಚಿನ ಮೇಲೆ ಮಲಗಿಸಿದ್ದರು. ಚಿಕ್ಕಮ್ಮ ಒಳಗಿನಿಂದಲೇ, "ನನ್ನ ತೊಡೆಗೆ ಅದನ್ನ ಹೋಲಿಸ್ತೀರಲ್ಲ, ಮುಳ್ಳು ಬೇರೆ ಇದೆ!" ಎಂದು ಕೂಗಿದ್ದು ಎಲ್ಲರಿಗೂ ಕೇಳಿಸಿತು.

"ಎಲ್ಲಿ ಚುಚ್ಚೋದು?" ಚಿಕ್ಕಪ್ಪ ಗುಡುಗುತ್ತಿದ್ದರು.

"ತೊಡೆ ಹೊರಗಡೆ ಅಯ್ಯಾ!"

"ಸೀರೆ ಎತ್ಬೇಕಾ?"

"ಬೇಡ ಅಯ್ಯಾ, ಬಟ್ಟೆ ಮೇಲೇ!"

"ನೆರಿಗೆ ಮೇಲೆ?"

"ಬೇಡ ಅಯ್ಯಾ!"

"ಹೆಬ್ಬೆರಳು ಎಲ್ಲಿರ್ಬೇಕು?"

"ಮುಷ್ಟಿಯೊಳಗೆ ಅಯ್ಯಾ! ತುದಿ ಮೇಲೆ ಇಡಬಾರ್ದು!"

ಒತ್ತಿದ ಮೇಲೆ ಹತ್ತು ಎಣಿಸುವವರೆಗೆ ತೆಗೆಯಬಾರದು ಎಂದು ನಮ್ಮ ಪೆನ್ನಿನ ಜೊತೆ ಬಂದ ಕಾಗದದಲ್ಲಿತ್ತು. ಮೇಸ್ತ್ರಿ ಮಂಜಪ್ಪ ಎಣಿಸುವ ಚೆಂದ ನೋಡಬೇಕು. ಭತ್ತ ಅಳೆಯುವವರು, ಕಾಫಿ ಅಳೆಯುವವರು ಮೊದಲ ಅಳತೆಗೆ 'ಒಂದು' ಎನ್ನುವುದಿಲ್ಲವಲ್ಲ, 'ಲಾಭ' ಎಂದೇ ಶುರುಮಾಡುವುದು. ಮಂಜಪ್ಪನೂ ಹಲಸಿನಕಾಯಿಗೆ ಪೆನ್ನು ಒತ್ತಿ, ಕಣ್ಣು ಮುಚ್ಚಿ, ರಾಗವಾಗಿ "ಲಾಭ... ಎರಡು... ಮೂರು..." ಎಂದು ಶುರುಮಾಡುತ್ತಿದ್ದ. ಉಳಿದವರಿಗೂ ಅದೇ ಅಭ್ಯಾಸವಾಯಿತು.

ರಜೆಗೆ ಹೋದ ನನಗೂ ಬಿಡುಗಡೆಯಿಲ್ಲ. ಸೂಜಿ ಎಂದರೆ ಬಟ್ಟೆ ಹೊಲಿಯುವ ಸೂಜಿಗೂ ಕಣ್ಣು ಮುಚ್ಚುವವಳು ನಾನು. ಪೆನ್ನನ್ನು ಹಲಸಿನಕಾಯಿಗೆ ಮೆಲ್ಲಗೆ ತಾಗಿಸಿದೆ. "ಅದೇನು ಹಲಸಿಗೆ ಅರಿಶಿನ ಹಚ್ತಾ ಇದ್ದೀಯ? ನಿನ್ನ ನಂಬ್ಕೊಂಡ್ರೆ ನಿನ್ನ ಚಿಕ್ಕಮ್ಮ ಹೋದಂಗೇ!" ಎಂದು ಎಲ್ಲರ ಮುಂದೆ ಮಾನ ಕಳೆದರು.

ಆ ವರ್ಷ ಮೊದಲ ಜೊತೆ ಪೆನ್ನಿನ ಅವಧಿ ಮುಗಿದು ಹೊಸವು ಬಂದವು. ಹಳೆಯದರಲ್ಲಿ ಒಂದನ್ನು ಚಿಕ್ಕಪ್ಪ ನಿಜವಾಗಿಯೇ ಹಲಸಿನಕಾಯಿಗೆ ಚುಚ್ಚಿ ತೋರಿಸಿದರು. 'ಕ್ಲಿಕ್' ಎನ್ನುವ ಶಬ್ದಕ್ಕೆ ಹೆಣ್ಣಾಳುಗಳೆಲ್ಲ "ಅಯ್ಯಮ್ಮಾ!" ಎಂದು ಎರಡು ಹೆಜ್ಜೆ ಹಿಂದೆ ಸರಿದರು. ನಾನು ಆಗಲೇ ಜಗಲಿ ದಾಟಿ ಹೋಗಿದ್ದೆ. ಎಲ್ಲ ಮುಗಿದ ಮೇಲೆ ಮಂಜಪ್ಪ ವಿನಯದಿಂದ ಕೇಳಿದ, "ಅಯ್ಯಾ, ಇನ್ನು ಈ ಹಲಸು ಪಲ್ಯಕ್ಕೆ ಆಗುತ್ತಾ?" ಆಗಲಿಲ್ಲ. ಅದನ್ನು ಹೂತರು. ಸೀರೆ ಸಮೇತ ಹೂಳುವುದು ಬೇಡವೆಂದು ಚಿಕ್ಕಮ್ಮ ಓಡಿಬಂದು ಸೀರೆ ಬಿಡಿಸಿಕೊಂಡು ಹೋದರು.

ಹೀಗೆ ನಾವೆಲ್ಲ ನಗುತ್ತಾ, ಚಿಕ್ಕಮ್ಮ ಬೈಯುತ್ತಾ, ಚಿಕ್ಕಪ್ಪ ಗುಡುಗುತ್ತಾ ದಿನ ಹೋಗುತ್ತಿದ್ದಾಗ ಕಳೆದ ಸಲದ ಆಯುಧಪೂಜೆ ಬಂತು.

ನಮ್ಮ ಕಡೆ ಆಯುಧಪೂಜೆ ಎಂದರೆ ತೋಟದಲ್ಲಿ ಕಬ್ಬಿಣದ ವಾಸನೆ ಇರುವ ಒಂದು ವಸ್ತುವೂ ಬಿಟ್ಟುಹೋಗುವಂತಿಲ್ಲ. ಕತ್ತಿ, ಗುದ್ದಲಿ, ಕೋವಿ, ಕಳೆ ಹೊಡೆಯುವ ಯಂತ್ರ, ಔಷಧಿ ಸಿಂಪಡಿಸುವ ಯಂತ್ರ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಎಲ್ಲಕ್ಕಿಂತ ಮೇಲೆ ಜೀಪು. ಜೀಪಿಗೆ ಎರಡು ಕಡೆ ಬಾಳೆಕಂದು, ಮೂತಿಗೆ ಚೆಂಡುಹೂವಿನ ಹಾರ. ನಾನು ಹೋಗುವಾಗ ಚಿಕ್ಕಪ್ಪ ಗಂಧ, ಕುಂಕುಮ, ಅರಿಶಿನದ ಬಟ್ಟಲು ಹಿಡಿದು ಸಾಲಾಗಿ ಹಚ್ಚಿಕೊಂಡು ಬರುತ್ತಿದ್ದರು. ಸಾಲಿನ ಕೊನೆಯಲ್ಲಿ ನೋಡುತ್ತೇನೆ, ಕೋವಿಯ ಪಕ್ಕ ಆ ಎರಡು ಪೆನ್ನುಗಳು!

"ಚಿಕ್ಕಪ್ಪ, ಇದು ಆಯುಧವಾ?"

"ಮತ್ತೆ? ಕೋವಿಯಿಂದ ಈ ಮನೇಲಿ ಇದುವರೆಗೆ ಒಂದು ಮಂಗನೂ ಸತ್ತಿಲ್ಲ. ಇದು ಯಮನ್ನೇ ಓಡ್ಸೋದು. ಯಾವುದು ದೊಡ್ಡ ಆಯುಧ, ನೀನೇ ಹೇಳು."

ದೊಡ್ಡ ಆಯುಧವಾದ್ದರಿಂದ ಅಲಂಕಾರವೂ ದೊಡ್ಡದಾಯಿತು. ನೀಲಿ ತುದಿಗೂ ಗಂಧ ಕುಂಕುಮ, ಕಿತ್ತಳೆ ತುದಿಗೂ ಗಂಧ ಕುಂಕುಮ, ನಡುವಿನ ಕಿಟಕಿಗೆ ಅಡ್ಡಲಾಗಿ ಮೂರು ಪಟ್ಟೆ ವಿಭೂತಿ. ಯಾವುದು ತಲೆ, ಯಾವುದು ಬಾಲ ಎಂದು ಮಾಡಿದವನಿಗೂ ತಿಳಿಯಬಾರದು, ಹಾಗೆ! ಮಂಗಳಾರತಿಯಾದ ಮೇಲೆ ಒಂದು ಹಾಗೆಯೇ ಜೇಬಿಗೆ ಹೋಯಿತು, ಇನ್ನೊಂದು ಗಣಪತಿಯ ಪಕ್ಕಕ್ಕೆ.

ಉಳಿದದ್ದು ಪಲ್ಪರ್ ಶೆಡ್ಡು. ಕೊಯ್ಲಿನ ನಂತರ ಬೀಗ ಹಾಕಿದ್ದನ್ನು ಅವತ್ತು ಪೂಜೆಗೆಂದೇ ತೆಗೆದದ್ದು. ಈ ಮನುಷ್ಯ ಇಡೀ ವರ್ಷ ದೋಟಿ ಹಿಡಿದುಕೊಂಡು ಮನೆ ಸುತ್ತಲಿನ ಪ್ರತಿ ಗಿಡ, ಪ್ರತಿ ಮಾಡು, ಪ್ರತಿ ಸಂದಿ ಹುಡುಕಿ ಕಣಜದ ಗೂಡು ತೆಗೆಸಿದ್ದರು. ಬೀಗ ಹಾಕಿದ ಶೆಡ್ಡಿನ ಒಳಮಾಡನ್ನು ಮಾತ್ರ ನೋಡಿರಲಿಲ್ಲ. ಸಾಂಬ್ರಾಣಿ ಹೊಗೆಯನ್ನು ತಾವೇ ಒಳ್ಳೆ ದಟ್ಟವಾಗಿ ಎಬ್ಬಿಸಿ, ಪಲ್ಪರಿನ ಸುತ್ತ ತಿರುಗಿಸಿದರು. ಹೊಗೆ ಮೇಲೆ ಹೋಯಿತು. ಮೇಲಿದ್ದವರು ಕೆಳಗೆ ಬಂದರು.

"ಓಡಿ!" ಎಂದು ಮಂಜಪ್ಪ ಕೂಗಿದ. ಎಲ್ಲರೂ ಓಡಿದೆವು. ಮಂಡಕ್ಕಿಯ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದ ಚಿಕ್ಕಮ್ಮ ಕಣದ ನಡುವೆ ಬಂದು ಕಿವಿಯ ಹಿಂದೆ ಕೈಯಿಟ್ಟುಕೊಂಡರು.

"ಏನೋ ಚುರುಕ್ ಅಂತು" ಎಂದರು, ಬಹಳ ಸಾಮಾನ್ಯವಾಗಿ.

ನಾವೆಲ್ಲ ಅವರ ಮುಖವನ್ನೇ ನೋಡುತ್ತಾ ನಿಂತೆವು. ಕುತ್ತಿಗೆಯಲ್ಲಿ ಕೆಂಪು ದದ್ದು ನೋಡನೋಡುತ್ತಿದ್ದ ಹಾಗೆ ಮೇಲೇರಿತು. ತುಟಿ ದಪ್ಪವಾಯಿತು. "ಅಂಗೈ ತುರಿಸ್ತಾ ಇದೆ" ಎಂದವರ ದನಿ ಒಡೆದಿತ್ತು. ಆಮೇಲೆ ಆ ಸುಂಯ್ ಸುಂಯ್. ತಟ್ಟೆ ಕೈಯಿಂದ ಜಾರಿ ಮಂಡಕ್ಕಿ ಕಣದ ತುಂಬ ಚೆಲ್ಲಿತು.

ಮಂಜಪ್ಪ ಅವರನ್ನು ಹಿಡಿದು ಮೆಲ್ಲಗೆ ಮಲಗಿಸಿದ. ಚಿಕ್ಕಪ್ಪ ಮಂಡಿಯೂರಿದರು, ಜೇಬಿನಿಂದ ಪೆನ್ನು ತೆಗೆದರು, ಮುಚ್ಚಳವನ್ನು ಹಲ್ಲಿನಿಂದ ಕಚ್ಚಿ ಕಿತ್ತರು. ಇಷ್ಟು ವರ್ಷ ಹಲಸಿನಕಾಯಿಗಳನ್ನು ಸಾಲುಸಾಲಾಗಿ ಚುಚ್ಚಿಸಿದ ಮಹಾಗುರು! ಆದರೆ ಮುಚ್ಚಳ ಹೋದರೂ ಕೈಯ ಕುಂಕುಮ ಮೆತ್ತಿ ಎರಡು ತುದಿಯೂ ಒಂದೇ ಕೆಂಪು. ಬೆವರಿಗೆ ಗಂಧ ಕರಗಿ ಪೆನ್ನು ಜಾರಿತು, ಅಂಗೈಯಲ್ಲಿ ತಿರುಗಿತು, ಅವರು ಹಾಗೆಯೇ ಮೇಲಿನ ತುದಿಗೆ ಹೆಬ್ಬೆರಳು ಕೊಟ್ಟು ಚಿಕ್ಕಮ್ಮನ ತೊಡೆಗೆ ಗಟ್ಟಿಯಾಗಿ ಒತ್ತಿದರು.

ಕ್ಲಿಕ್.

ಚಿಕ್ಕಪ್ಪ ತಮ್ಮ ಹೆಬ್ಬೆರಳನ್ನೇ ನೋಡುತ್ತಾ ಕೂತರು. ಸೂಜಿ ಅದರೊಳಗೆ ಹೋಗಿ ಬಂದಿತ್ತು. ಚಿಕ್ಕಮ್ಮನ ಪ್ರಾಣ ಉಳಿಸಬೇಕಿದ್ದ ಔಷಧಿ ಅಷ್ಟೂ ಚಿಕ್ಕಪ್ಪನ ಬೆರಳಿನಲ್ಲಿತ್ತು!

ನನ್ನ ಜೀವಮಾನದಲ್ಲಿ ಮೊದಲ ಸಲ ಚಿಕ್ಕಪ್ಪನ ಗಂಟಲಿನಿಂದ ದನಿ ಹೊರಡದೆ ಬಾಯಿ ಮಾತ್ರ ಅಲುಗಿದ್ದನ್ನು ಕಂಡೆ. ಅವರು ನನ್ನ ಕಡೆ ತಿರುಗಿದರು. ಆ ಮುಖವನ್ನು ನಾನು ಮರೆಯಲಾರೆ.

"ದೇವ್ರ ಕೋಣೆ" ಎಂದರು.

ನಾನು ಓಡಿದೆ. ಹೊಸಿಲಿಗೆ ಎಡವಿದೆ. ಗಣಪತಿಯನ್ನು ಬೀಳಿಸಿದೆನೋ ಏನೋ, ದೇವರು ಕ್ಷಮಿಸಲಿ. ಪೆನ್ನು ಎತ್ತಿಕೊಂಡು ಬರುತ್ತಲೇ ಸೆರಗಿನಿಂದ ತಿಕ್ಕಿದೆ, ತಿಕ್ಕಿದೆ, ವಿಭೂತಿಯಡಿಯಿಂದ ಕಿಟಕಿ ಕಂಡಿತು, ಕುಂಕುಮದಡಿಯಿಂದ ನೀಲಿ ಕಂಡಿತು, ಕಿತ್ತಳೆ ಕಂಡಿತು. ಚಿಕ್ಕಮ್ಮನ ತುಟಿ ಕಪ್ಪಿಡುತ್ತಿತ್ತು. ನೀಲಿ ಕಿತ್ತೆ. ಮುಷ್ಟಿ ಹಿಡಿದೆ. ಹೆಬ್ಬೆರಳು ಮುಷ್ಟಿಯೊಳಗೆ. ನೆರಿಗೆ ಬಿಟ್ಟು, ತೊಡೆಯ ಹೊರಬದಿ, ಸೀರೆಯ ಮೇಲೆಯೇ. ಅರಿಶಿನ ಹಚ್ಚಿದ ಹಾಗೆ ಅಲ್ಲ. ಗಟ್ಟಿಯಾಗಿ.

ಕ್ಲಿಕ್.

"ಲಾಭ" ಎಂದೆ ನಾನು.

"ಎರಡು" ಎಂದ ಮಂಜಪ್ಪ. "ಮೂರು" ಎಂದರು ಹಿಂದಿನಿಂದ ಹೆಣ್ಣಾಳುಗಳು. ಇಡೀ ಹಾಜರಿ ಸಾಲು ಒಟ್ಟಿಗೆ ಎಣಿಸಿತು. ಹತ್ತು ಎಂದ ಮೇಲೆ ಪೆನ್ನು ತೆಗೆದೆ.

ಆಂಬುಲೆನ್ಸಿಗೆ ಫೋನ್ ಮಾಡಿದರೆ ಗಾಡಿ ಬೇರೆಲ್ಲೋ ಹೋಗಿದೆ ಎಂದರು. ಕಾಯುವಂತಿರಲಿಲ್ಲ. ಅದೇ ಬಾಳೆಕಂದಿನ ಜೀಪಿಗೆ ಚಿಕ್ಕಮ್ಮನನ್ನು ಎತ್ತಿ ಮಲಗಿಸಿ, ಕಾಲು ನನ್ನ ತೊಡೆಯ ಮೇಲೆ ಎತ್ತರಕ್ಕೆ ಇಟ್ಟುಕೊಂಡೆ. ಮಂಜಪ್ಪ ಓಡಿಸಿದ. ಹಾರ, ಬಾಳೆ, ಕುಂಕುಮ ಸಮೇತ ಹಾರನ್ ಬಾರಿಸಿಕೊಂಡು ಹೋಗುವ ಜೀಪು ನೋಡಿ ಕೊಟ್ಟಿಗೆಹಾರದಲ್ಲಿ ನಿಂತವರು ಯಾವುದೋ ದೇವರ ಮೆರವಣಿಗೆ ಎಂದು ಚಪ್ಪಲಿ ಬಿಟ್ಟು ಕೈಮುಗಿದರು!

ಅಲ್ಲಿಂದ ಸ್ವಲ್ಪ ಮುಂದೆ ಚಿಕ್ಕಮ್ಮನ ಉಸಿರು ಸಲೀಸಾಯಿತು. ಕಣ್ಣು ಬಿಟ್ಟು ಮೊದಲು ಹೇಳಿದ್ದು, "ಜೀಪು ತಿರುಗ್ಸಿ, ಒಲೆ ಮೇಲೆ ಪಾಯಸ ಇದೆ."

"ಏಳ್ಬೇಡ! ಮಲ್ಕೋ! ಇಳ್ದದ್ದು ಮತ್ತೆ ಏರ್ಬಹುದು ಅಂತ ಡಾಕ್ಟ್ರು ಹೇಳಿಲ್ವಾ? ಆಸ್ಪತ್ರೆ ನೋಡ್ದೆ ಮನೆಗಿಲ್ಲ!" ಚಿಕ್ಕಪ್ಪನ ಗಂಟಲು ವಾಪಸು ಬಂದಿತ್ತು. ಹೆಬ್ಬೆರಳನ್ನು ಮಾತ್ರ ಮೇಲಕ್ಕೆತ್ತಿ ಹಿಡಿದಿದ್ದರು. ಅದು ಸುಣ್ಣದ ಹಾಗೆ ಬೆಳ್ಳಗಾಗಿತ್ತು.

ಆಸ್ಪತ್ರೆಯಲ್ಲಿ ಅದೇ ಡಾಕ್ಟರಮ್ಮ. ಚಿಕ್ಕಮ್ಮನನ್ನು ಒಳಗೆ ಕರೆದೊಯ್ದು ಎಲ್ಲ ನೋಡಿ, ಮರುದಿನದವರೆಗೆ ಇಲ್ಲೇ ಇರಬೇಕೆಂದರು. ಆಮೇಲೆ ಬೆರಳು ನೋಡಿದರು, ಪೆನ್ನು ನೋಡಿದರು. ಕುಂಕುಮ ನೋಡಿ ಬಾಯಿ ಬಿಟ್ಟರು. "ಇದಕ್ಕೆ ಪೂಜೆ ಮಾಡಿದ್ದು ಯಾರು?"

"ಆಯುಧಪೂಜೆ ಅಲ್ವಾ ಮೇಡಂ" ಎಂದರು ಚಿಕ್ಕಪ್ಪ.

"ಪೂಜೆ ಮಾಡ್ಲೇಬೇಕು ಅಂದ್ರೆ ಡಬ್ಬಿಗೆ ಮಾಡಿ ಗೌಡ್ರೆ! ತುದಿ, ಕಿಟಕಿ ಮುಚ್ಚಿದ್ರೆ ಯಾವ ದೇವ್ರು ಬಂದು ತೋರಿಸ್ತಾನೆ? ಈ ಔಷಧಿ ಬೆರಳಿಗೆ ಹೋದ್ರೆ ಅಲ್ಲಿ ರಕ್ತ ಓಡಲ್ಲ. ನಿಮ್ಮನ್ನೂ ಬಿಡಲ್ಲ, ಇಲ್ಲೇ ಇರಿ. ಬಿಸಿನೀರಲ್ಲಿ ಇಡ್ತಾ ಇರಿ, ಬೆರಳು ಬೆಚ್ಚಗಿರ್ಬೇಕು. ಬಣ್ಣ ಬಂದ ಕೂಡ್ಲೆ ಸಿಸ್ಟರ್‌ಗೆ ಹೇಳಿ." ಹೀಗೆ ಗಂಡ ಹೆಂಡತಿ ಅಕ್ಕಪಕ್ಕದ ಮಂಚದಲ್ಲಿ ದಾಖಲಾದರು. ನಡುವೆ ಯಾವ ಮಗುವೂ ಇರಲಿಲ್ಲ.

ಸಂಜೆ ನಾನು ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ ಮಾಡಿಕೊಂಡು ಹೋದೆ. ಇಬ್ಬರನ್ನೂ ಸೇರಿಸಿ ಗೇಲಿ ಮಾಡಬೇಕೆಂದು ದಾರಿಯುದ್ದಕ್ಕೂ ನಾಲ್ಕು ಮಾತು ಜೋಡಿಸಿಕೊಂಡಿದ್ದೆ. ವಾರ್ಡಿನ ಬಾಗಿಲಿಗೆ ಬಂದವಳು ಅಲ್ಲೇ ನಿಂತೆ.

ಬಿಸಿನೀರಿನ ಪಾತ್ರೆ ನೆಲದ ಮೇಲೆ ಆರಿಹೋಗಿತ್ತು. ಚಿಕ್ಕಪ್ಪ ತಮ್ಮ ಮಂಚ ಬಿಟ್ಟು ಚಿಕ್ಕಮ್ಮನ ಮಂಚದ ಅಂಚಿನಲ್ಲಿ ಕೂತಿದ್ದರು. ಅವರ ಹೆಬ್ಬೆರಳು ಚಿಕ್ಕಮ್ಮನ ಎರಡೂ ಅಂಗೈಗಳ ನಡುವೆ ಇತ್ತು. ಚಿಕ್ಕಮ್ಮ ಅದನ್ನು ಮೆಲ್ಲಗೆ ಉಜ್ಜುತ್ತಿದ್ದರು.

"ಏಯ್" ಎಂದರು ಚಿಕ್ಕಪ್ಪ.

ಅದು ಕಾಫಿಯ 'ಏಯ್' ಅಲ್ಲ, ಸ್ನಾನದ್ದೂ ಅಲ್ಲ, ಕನ್ನಡಕದ್ದೂ ಅಲ್ಲ. ಬಾಗಿಲಲ್ಲಿದ್ದ ನನಗೇ ಕಷ್ಟಪಟ್ಟು ಕೇಳಿಸುವಷ್ಟು ಸಣ್ಣದಾಗಿತ್ತು. ಇಷ್ಟು ವರ್ಷ ನಾನು ಕೇಳದ ಒಂದು 'ಏಯ್' ಆ ಗಂಟಲಿನಲ್ಲಿತ್ತು.

"ನಾನೇ ಕೊಲ್ತಿದ್ದೆ ಅಲ್ಲನೇ ನಿನ್ನ?"

ಚಿಕ್ಕಮ್ಮ ಬೆರಳು ಉಜ್ಜುವುದನ್ನು ನಿಲ್ಲಿಸಲಿಲ್ಲ. "ನಿಮಗೆ ನೋವಾಯ್ತಾ?" ಎಂದು ಕೇಳಿದರು. ಚಿಕ್ಕಪ್ಪ ಮುಖ ಆಚೆ ತಿರುಗಿಸಿಕೊಂಡು ಹೆಗಲ ಟವಲಿನಿಂದ ಕಣ್ಣು ಒರೆಸಿಕೊಂಡರು. ನನ್ನ ಕಣ್ಣಿಗೂ ನೀರು ಬಂತು, ಯಾಕೆ ಸುಳ್ಳು ಹೇಳಲಿ.

ಅಷ್ಟರಲ್ಲಿ ಆ ಕಡೆಯ ಮೂಲೆಯಲ್ಲಿ ಇನ್ನೊಬ್ಬರಿಗೆ ಡ್ರಿಪ್ ಹಾಕುತ್ತಿದ್ದ ಸಿಸ್ಟರ್ ಅಲ್ಲಿಂದಲೇ ಕೇಳಿದರು, "ಗೌಡ್ರೆ, ಬೆರಳಿಗೆ ಬಣ್ಣ ಬಂತಾ?"

ನಾನು ನೋಡಿದೆ. ಆ ಬೆರಳು ನನ್ನ ಬೆರಳಿಗಿಂತ ಕೆಂಪಗಿತ್ತು. ಬಣ್ಣ ಬಂದು ಎಷ್ಟು ಹೊತ್ತಾಗಿತ್ತೋ ಏನೋ. ಚಿಕ್ಕಮ್ಮನೂ ನೋಡಿದರು, ಕೈ ಮಾತ್ರ ಬಿಡಲಿಲ್ಲ.

"ಇಲ್ಲ ಸಿಸ್ಟರ್! ಇನ್ನೂ ತಣ್ಣಗೇ ಇದೆ!" ಎಂದು ಚಿಕ್ಕಪ್ಪ ಇಡೀ ಆಸ್ಪತ್ರೆಗೆ ಕೇಳುವ ಹಾಗೆ ಕೂಗಿದರು.

"ಹಾಗಾದ್ರೆ ಹಾಗೇ ಹಿಡ್ಕೊಂಡಿರಿ" ಎಂದರು ಸಿಸ್ಟರ್.

ನಾನು ಫ್ಲಾಸ್ಕನ್ನು ಎದೆಗೆ ಅವುಚಿಕೊಂಡು ಹೊರಗಿನ ಬೆಂಚಿನ ಮೇಲೆ ಕೂತೆ. ಕಾಫಿ ಆರಿದರೆ ಆರಲಿ.